ಬೆಲ್ಲದ ಪೊಟ್ಟಣಕ್ಕೊಂದು ಗುರುತು: ಬ್ರ್ಯಾಂಡ್ ವಿನ್ಯಾಸ ಮಾಡುವ ಬಗೆ

ಮಂಡ್ಯದ ಬೆಲ್ಲ ತಯಾರಕರೊಬ್ಬರು ಲೋಗೋ ಬೇಕೆಂದು ಬಂದರೆ ಕೂಡಲೇ ಕಂಪ್ಯೂಟರ್ ತೆರೆಯಬೇಡಿ. ಆಲೆಮನೆಗೆ ಹೋಗಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗಿ ಅಚ್ಚಿಗಿಳಿಯುವುದನ್ನು ನೋಡಿ, ಕೊಳ್ಳುವವರು ಯಾರು, ಅವರು ಪೊಟ್ಟಣವನ್ನು ಎಷ್ಟು ದೂರದಿಂದ ಗುರುತಿಸಬೇಕು ಎಂಬುದನ್ನು ಕೇಳಿ ಬರೆದುಕೊಳ್ಳಿ. ಸ್ವತಂತ್ರ ವಿನ್ಯಾಸಕನಾಗಿ ಮೈಸೂರಿನಲ್ಲಿ ಕೆಲಸ ಆರಂಭಿಸಿದಾಗ ನಾನು ಈ ಹಂತವನ್ನು ಬಿಟ್ಟು ಎಲ್ಲರಿಗೂ ಕಬ್ಬಿನ ಜಲ್ಲೆಯನ್ನೇ ಬರೆದುಕೊಟ್ಟೆ. ಅಂಗಡಿಯ ಸಾಲಿನಲ್ಲಿ ಅವು ಒಂದರಿಂದೊಂದು ಬೇರೆಯಾಗಿ ಕಾಣಲಿಲ್ಲ.

ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ತಯಾರಾಗುತ್ತಿರುವ ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿರುವ, ಸಿಂಹದ ದೇಹಕ್ಕೆ ಆನೆಯ ತಲೆಯುಳ್ಳ ಶರಭವನ್ನು ಗಮನಿಸಿ. ಅದು ಗಂಧದ ಮರವನ್ನು ತೋರಿಸುವುದಿಲ್ಲ, ಆದರೂ ನೋಡಿದೊಡನೆ ಸಾಬೂನು ನೆನಪಾಗುತ್ತದೆ.

ಹೆಚ್ಚು ಸಮಯವನ್ನು ಅಕ್ಷರಗಳಿಗೆ ಕೊಡಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ‘ಬೆಲ್ಲ’ ಎಂಬ ಪದಕ್ಕೆ ಅದೇ ಗಾತ್ರದ ಇಂಗ್ಲಿಷ್ ಪದಕ್ಕಿಂತ ಹೆಚ್ಚು ಎತ್ತರ ಬೇಕು. ಇಂಗ್ಲಿಷ್‌ಗೆಂದು ಅಳೆದ ಚೌಕಟ್ಟಿಗೆ ಕನ್ನಡವನ್ನು ತುರುಕಿದರೆ ಒತ್ತು ಕತ್ತರಿಸಿದಂತಾಗುತ್ತದೆ, ಇದು ನನಗೆ ನಿಜಕ್ಕೂ ನೋವು ತರುವ ದೃಶ್ಯ. ಆದ್ದರಿಂದ ಕನ್ನಡದ ಹೆಸರನ್ನು ಮೊದಲು ಕೈಯಲ್ಲೇ ಬರೆದು, ತಲೆಕಟ್ಟು ಮತ್ತು ಒತ್ತುಗಳ ದಪ್ಪವನ್ನು ಹೊಂದಿಸಿ, ಇಂಗ್ಲಿಷ್ ಅನ್ನು ಅದಕ್ಕೆ ಒಗ್ಗಿಸಿ. ಸಿದ್ಧವಾದ ಲೋಗೋವನ್ನು ಎರಡು ಸೆಂಟಿಮೀಟರ್ ಅಗಲಕ್ಕೆ ಕುಗ್ಗಿಸಿ, ಒಂದೇ ಬಣ್ಣದಲ್ಲಿ ಮುದ್ರಿಸಿ ಪರೀಕ್ಷಿಸಿ.

ಅಂತಿಮ ಕಡತವನ್ನು ವೆಕ್ಟರ್ ರೂಪದಲ್ಲಿ, ಅಂದರೆ ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗದ ರೂಪದಲ್ಲಿ, ಕೊಡಿ. ಮುಂಗಡ ಹಣ ಮತ್ತು ತಿದ್ದುಪಡಿಗಳ ಸಂಖ್ಯೆಯನ್ನು ಮೊದಲೇ ಒಪ್ಪಂದದಲ್ಲಿ ಬರೆಯಿರಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆಯೂ ಸಹಿಯೊಂದಿಗೆ ಲಿಖಿತವಾಗಿರಬೇಕು.