ಇಲಿಮರಿ ಸಿಕ್ಕಿದೆ: ಸಾಕಬೇಕಾ, ಬಿಡಬೇಕಾ?

ಕಣಿಕೆ ಬಣವಿ, ಅಂದರೆ ಜೋಳದ ದಂಟಿನ ಮೆದೆ, ಬಿಚ್ಚುವಾಗ ಒಂದು. ಹಳೇ ಕೌದಿ ಗಂಟಿನಲ್ಲಿ ಒಂದು. ಬೆಕ್ಕಿನ ಬಾಯಿಂದ ಬಿಡಿಸಿಕೊಂಡದ್ದು ಒಂದು. ಧಾರವಾಡದ ನಮ್ಮ ಓಣಿಯ ಹುಡುಗರಿಗೆ ಇಂಥದ್ದು ಏನು ಸಿಕ್ಕರೂ ಬೂಟಿನ ಡಬ್ಬಿಯಲ್ಲಿ ಹಾಕಿಕೊಂಡು ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. "ಕಾಕಾ, ಇದು ಬದಕ್ತೈತೇನ್ರಿ?" ಅಂತ ಕೇಳುತ್ತಾರೆ. ಬದುಕಿದ ಮೇಲೆ ಅದು ಎಲ್ಲಿರಬೇಕು ಎಂದು ಮಾತ್ರ ಇವತ್ತಿನವರೆಗೆ ಒಬ್ಬ ದೊಡ್ಡವರೂ ನನ್ನನ್ನು ಕೇಳಿಲ್ಲ. ಕೆಡುವುದೆಲ್ಲ ಅಲ್ಲೇ.

ನಾನು ನೋಡಿದ ಎರಡು ಸಂಗತಿ ಹೇಳುತ್ತೇನೆ. ಒಬ್ಬರು ಬೋನಿಗೆ ಬಿದ್ದ ದೊಡ್ಡ ಇಲಿಯನ್ನು ಕೊಲ್ಲಲು ಮನಸ್ಸಾಗದೆ ಗಿಳಿ ಪಂಜರದಲ್ಲಿ ಇಟ್ಟರು. ಅದು ಒಂದು ವಾರ ಸರಳು ಕಚ್ಚಿ ಕಚ್ಚಿ ಮೂಗಿನ ಚರ್ಮ ಕಿತ್ತುಕೊಂಡಿತ್ತು. ಇನ್ನೊಂದು ಮನೆಯಲ್ಲಿ ಹಾಲು ಕುಡಿಸಿ ಬೆಳೆಸಿದ ಮರಿಯನ್ನು, ಹೆಸರಿಟ್ಟು ಅಂಗೈ ಮೇಲೆ ಆಡಿಸಿದ ಮರಿಯನ್ನು, ಭಾನುವಾರ ಮಟಮಟ ಮಧ್ಯಾಹ್ನ ಕೆಲಗೇರಿ ಕೆರೆ ದಂಡೆಗೆ ಒಯ್ದು ಬಿಟ್ಟು ಬಂದರು. ಅದು ಓಡಲೇ ಇಲ್ಲವಂತೆ, ಅವರ ಚಪ್ಪಲಿ ಹತ್ತಿರವೇ ಕೂತಿತ್ತಂತೆ. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ಬಿಡಬೇಕಾದದ್ದನ್ನು ಇವರು ಇಟ್ಟುಕೊಂಡರು, ಇಟ್ಟುಕೊಳ್ಳಬೇಕಾದದ್ದನ್ನು ಅವರು ಬಿಟ್ಟರು.

ಹೆಜ್ಜೆ 1: ಬರಿಗೈಯಲ್ಲಿ ಮುಟ್ಟಬೇಡಿ

ದಪ್ಪ ಬಟ್ಟೆ ಅಥವಾ ಕೈಗವಸು ಸಾಕು. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಡಾಕ್ಟರಿಗೆ ತೋರಿಸಿ. ಇಲಿಜ್ವರ ಬರುವುದು ಇಲಿಯ ಉಚ್ಚೆಯಿಂದ. ಆದ್ದರಿಂದ ಇಲಿ ಮುಟ್ಟಿದ ಒಂದೆರಡು ವಾರದೊಳಗೆ ಜ್ವರ ಬಂದರೆ ಮುಚ್ಚಿಡದೆ ಆ ಮಾತನ್ನೂ ಡಾಕ್ಟರಿಗೆ ಹೇಳಿ. ಮನೆಯಲ್ಲಿ ಬಸುರಿ ಇದ್ದರೆ ಅವರು ಇಲಿಯ ಹತ್ತಿರವೂ ಹೋಗಬಾರದು. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುವ ಒಂದು ವೈರಸ್ ಮನೆ ಇಲಿಗಳಲ್ಲಿ ಇರಬಹುದು. ಕೂಸುಗಳಿರುವ ಮನೆಯಲ್ಲಿ ಸಾಕುವ ಮಾತೇ ಬೇಡ.

ಹೆಜ್ಜೆ 2: ಇದು ಇಲಿಯೇ ಹೌದಾ ನೋಡಿ

ಮೂತಿ ಚೂಪಾಗಿ ಉದ್ದಕ್ಕೆ ಚಾಚಿದ್ದು, ಕಣ್ಣು ಸಾಸಿವೆಯಷ್ಟೇ ಇದ್ದು, ಮೈಗೆ ಘಾಟು ವಾಸನೆ ಇದ್ದರೆ ಅದು ಮೂಗಿಲಿ. ಅದು ಹುಳ ತಿನ್ನುವ ಬೇರೆಯೇ ಪ್ರಾಣಿ. ದೊಡ್ಡದಿದ್ದರೆ ಸಂಜೆ ಸಿಕ್ಕಲ್ಲೇ ಬಿಡಿ. ತಲೆ ಮತ್ತು ಹಿಂಗಾಲಿನ ಪಾದ ಮೈಗೆ ಹೋಲಿಸಿದರೆ ತೀರಾ ದಪ್ಪ ಕಂಡರೆ ಅದು ದೊಡ್ಡ ಇಲಿಯದೋ ಹೆಗ್ಗಣದ್ದೋ ಮರಿ ಇರಬಹುದು, ಬೇಗ ಬೆಳೆಯುತ್ತದೆ. ಹೊಲದ ಸಣ್ಣ ಇಲಿಯ ಹೊಟ್ಟೆ ಬೆಳ್ಳಗಿರುತ್ತದೆ. ಮನೆ ಇಲಿಯ ಬಾಲ ಮೈಯಷ್ಟೇ ಉದ್ದ, ಕೆಲವೊಮ್ಮೆ ಇನ್ನೂ ಜಾಸ್ತಿ.

ಗಮ್ ಪ್ಯಾಡಿಗೆ ಅಂಟಿಕೊಂಡದ್ದು ಸಿಕ್ಕರೆ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಖಾಲಿ ಉಳಿದ ಅಂಟಿನ ಮೇಲೆ ಹಿಟ್ಟು ಉದುರಿಸಿ, ಇಲಿ ಮತ್ತೆ ಅಂಟುವುದಿಲ್ಲ. ಅಂಟಿದ ಕಾಲಿನ ಸುತ್ತ ಶೇಂಗಾ ಎಣ್ಣೆಯನ್ನು ಹನಿ ಹನಿ ಬಿಟ್ಟು ಬಟ್ಟೆಯ ಚುಂಗಿನಿಂದ ನಿಧಾನವಾಗಿ ಬಿಡಿಸಿ. ಆಮೇಲೆ ಉಗುರು ಬೆಚ್ಚಗಿನ ನೀರಲ್ಲಿ ಎಣ್ಣೆ ತೊಳೆದು, ಒರೆಸಿ, ಬೆಚ್ಚಗಿಡಿ. ಆ ಪ್ಯಾಡುಗಳನ್ನು ದಯವಿಟ್ಟು ಕೊಳ್ಳಬೇಡಿ. ಅಂಟಿಕೊಂಡ ಜೀವ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. "ಇಲಿ ಅಲ್ವಾ, ಏನಾದರೇನು" ಅನ್ನುವವರಿಗೆ ಒಂದು ಮಾತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಇಲಿಯನ್ನು ಕಾಗೆ, ಬಾವಲಿಗಳ ಜೊತೆ ಪೀಡೆಗಳ ಪಟ್ಟಿಗೆ ಸೇರಿಸಿದ್ದರು, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ಗಣೇಶ ಚೌತಿಯ ಮರುದಿನ ಇಲಿವಾರ ಅಂತ ಇಲಿಗೆ ಎಡೆ ಇಡುವ ಮನೆಗಳು ನಮ್ಮ ಕಡೆ ಇವೆ. ಎಡೆ ಇಟ್ಟ ವಾರಕ್ಕೇ ಅಂಗಡಿಯಿಂದ ಗಮ್ ಪ್ಯಾಡ್ ತರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹೆಜ್ಜೆ 3: ವಯಸ್ಸು ಗುರುತಿಸಿ

ಎಲ್ಲ ನಿರ್ಧಾರವೂ ಇದರ ಮೇಲೆ ನಿಂತಿದೆ. ಇದನ್ನು ಮೊದಲ ದಿನವೇ ಮಾಡಿ, ಹೆಸರಿಡುವ ಮೊದಲು.

ಗುಲಾಬಿ ಬಣ್ಣ, ಮೈಮೇಲೆ ಒಂದು ಕೂದಲಿಲ್ಲ, ಕಣ್ಣು ಮುಚ್ಚಿದೆ ಅಂದರೆ ಹುಟ್ಟಿ ನಾಲ್ಕೈದು ದಿನದ ಒಳಗಿನದು. ಹುಟ್ಟುವಾಗ ಮನೆ ಇಲಿಯ ಮರಿ ಸುಮಾರು 1 ಗ್ರಾಂ ಅಷ್ಟೇ. ಮೈತುಂಬ ನುಣ್ಣನೆ ಕೂದಲು ಬಂದಿದೆ, ಕಣ್ಣು ಇನ್ನೂ ತೆರೆದಿಲ್ಲ ಅಂದರೆ ಹತ್ತು ಹನ್ನೆರಡು ದಿನ. ಕಣ್ಣು ಬಿಡುವುದು 13 ಅಥವಾ 14ನೇ ದಿನಕ್ಕೆ. ಅಲ್ಲಿಂದ ಕಾಳು ಕಡಿಯಲು ಶುರು ಮಾಡುತ್ತದೆ. 21 ದಿನಕ್ಕೆ ತಾಯಿ ಹಾಲು ಬಿಡುತ್ತದೆ.

ದೊಡ್ಡ ಇಲಿ, ಗಾಯವಿಲ್ಲ, ಹಿಡಿಯಲು ಹೋದರೆ ಕಚ್ಚುತ್ತದೆ ಅಂದರೆ ಯೋಚನೆಯೇ ಬೇಡ, ಅವತ್ತು ಸಂಜೆಯೇ ಬಿಡಿ. ಬೆಳೆದ ಕಾಡುಇಲಿ ಪಳಗುವುದಿಲ್ಲ. ನೀವು ಎಷ್ಟು ಪ್ರೀತಿ ತೋರಿಸಿದರೂ ಅದಕ್ಕೆ ನೀವು ಬೆಕ್ಕೇ. ಕಣ್ಣು ಬಿಟ್ಟು, ತಾನೇ ಕಾಳು ತಿಂದು, ಡಬ್ಬಿ ತೆರೆದರೆ ಜಿಗಿದು ಓಡುವ ಮರಿಯನ್ನೂ ನಾಲ್ಕೈದು ದಿನ ಮೈತುಂಬಿಸಿ ಬಿಡಬಹುದು.

ಹಗಲು ಹೊತ್ತಿನಲ್ಲಿ ಅಂಗಳದ ನಡುವೆ ಮಂಕಾಗಿ ಕೂತಿದ್ದು, ಕೈ ಹತ್ತಿರ ಒಯ್ದರೂ ಓಡದ ದೊಡ್ಡ ಇಲಿಯ ಬಗ್ಗೆ ಮಾತ್ರ ಹುಷಾರು. ಅದು ವಿಷ ತಿಂದಿರಬಹುದು. ಅಂಗಡಿಯ ಎಷ್ಟೋ ಇಲಿಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನ ಬಿಟ್ಟು ಕೊಲ್ಲುತ್ತವೆ. ಅಂಥದ್ದನ್ನು ಬಯಲಿಗೆ ಬಿಟ್ಟರೆ ಅದನ್ನು ತಿಂದ ಗೂಬೆಗೂ, ಬೆಕ್ಕಿಗೂ ವಿಷ ಏರುತ್ತದೆ. ಬೇಗ ಪಶುವೈದ್ಯರ ಹತ್ತಿರ ಒಯ್ದರೆ ವಿಟಮಿನ್ ಕೆ ಕೊಟ್ಟು ನೋಡುತ್ತಾರೆ. ಬೆಕ್ಕು ಕಚ್ಚಿದ್ದೂ ಹಾಗೆಯೇ. ಸೂಜಿ ಮೊನೆಯಷ್ಟು ಗಾಯವಾದರೂ ನಂಜಾಗಿ ಒಂದೆರಡು ದಿನದಲ್ಲಿ ಸಾಯುತ್ತದೆ, ಆಂಟಿಬಯೋಟಿಕ್ ಬೇಕೇ ಬೇಕು. ಗದಗದ ಕಡೆಯವರಿಗೆ ಅಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಇಲಿ ತಂದಿದ್ದೀನಿ ಅನ್ನಲು ನಾಚಿಕೆ ಬೇಡ.

ಹೆಜ್ಜೆ 4: ಎಳೆ ಮರಿಯಾದರೆ ಮೊದಲು ಬಿಸಿ, ಆಮೇಲೆ ಹಾಲು

ಗೂಡು ಸಿಕ್ಕಿ ತಾಯಿ ಓಡಿಹೋಗಿದ್ದರೆ ಮರಿಗಳನ್ನು ಅಲ್ಲೇ ಮುಚ್ಚಿಟ್ಟು ನಾಲ್ಕು ಗಂಟೆ ದೂರವಿರಿ. ಮರಿ ಬೆಚ್ಚಗಿರುವವರೆಗೆ ಕಾಯಬಹುದು. ತಾಯಿ ಒಂದೊಂದನ್ನೇ ಕಚ್ಚಿಕೊಂಡು ಬೇರೆ ಕಡೆ ಒಯ್ಯುತ್ತದೆ, ಇದನ್ನು ಕಣ್ಣಾರೆ ನೋಡಿದ್ದೇನೆ.

ತಾಯಿ ಬರಲಿಲ್ಲ ಅಂದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಡಬ್ಬಿಯ ಒಂದು ಬದಿಗೆ ಇಡಿ. ಬಿಸಿ ಜಾಸ್ತಿಯಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಜಾಗ ಇರಬೇಕು. ಅರಳೆ ಹಾಕಬೇಡಿ, ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ತಣ್ಣಗಿರುವ ಮರಿಗೆ ಹಾಲು ಕೊಟ್ಟರೆ ಅರಗುವುದಿಲ್ಲ. ಮೈ ಬೆಚ್ಚಗಾದ ಮೇಲೆ ಮೊದಲ ಸಲ ಓಆರ್‌ಎಸ್ ನೀರು, ಆಮೇಲೆ ನಾಯಿಮರಿ ಅಥವಾ ಬೆಕ್ಕಿನ ಮರಿಗೆ ಕೊಡುವ ಹಾಲಿನ ಪುಡಿ. ಅದು ಸಿಗದಿದ್ದರೆ ಆಡಿನ ಹಾಲು. ಆಕಳ ಹಾಲು, ಎಮ್ಮೆ ಹಾಲು ಬೇಡ, ಭೇದಿಯಾಗುತ್ತದೆ.

ಡ್ರಾಪರ್ ಬೇಡ, ಸಿರಿಂಜೂ ಬೇಡ. ನನ್ನ ಮೊದಲ ಮರಿಯನ್ನು ನಾನೇ ಡ್ರಾಪರಿನಿಂದ ಕೊಂದೆ. ಒಂದು ಹನಿ ಜಾಸ್ತಿಯಾಗಿ ಮೂಗಿನಿಂದ ಹಾಲು ಬಂತು, ರಾತ್ರಿಯೊಳಗೆ ಸತ್ತಿತು. ಶಾಲೆ ಮಕ್ಕಳ ಬಣ್ಣದ ಕುಂಚ, ಅತಿ ಸಣ್ಣದು, ಹೊಸದು ತನ್ನಿ. ಮರಿಯನ್ನು ಹೊಟ್ಟೆ ಕೆಳಗಾಗಿ ಹಿಡಿದು ಕುಂಚದ ತುದಿ ತೋರಿಸಿದರೆ ಅದೇ ನೆಕ್ಕುತ್ತದೆ. ಕಣ್ಣು ಬಿಡುವವರೆಗೆ ಎರಡು ಗಂಟೆಗೊಮ್ಮೆ, ರಾತ್ರಿಯೂ ಎದ್ದು. ಎಳೆ ಮರಿಯ ಹೊಟ್ಟೆಯ ಚರ್ಮದೊಳಗೆ ಹಾಲು ಬೆಳ್ಳಗೆ ಕಾಣುತ್ತದೆ, ಅದೇ ಅಳತೆ. ಪ್ರತಿ ಸಲ ಒದ್ದೆ ಬಟ್ಟೆಯಿಂದ ಕೆಳಹೊಟ್ಟೆ ಮೆಲ್ಲಗೆ ಸವರಿ ಉಚ್ಚೆ ಮಾಡಿಸಿ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಇಷ್ಟೆಲ್ಲ ಮಾಡಿದರೂ ಗುಲಾಬಿ ಮರಿಗಳು ಬಹಳಷ್ಟು ಉಳಿಯುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಹೆಜ್ಜೆ 5: ಮೂರನೇ ವಾರದಿಂದ ಕೈ ಹಿಂದಕ್ಕೆ

ನಿಜವಾದ ಕಷ್ಟ ಇಲ್ಲಿದೆ. ಕಣ್ಣು ಬಿಟ್ಟ ಮರಿ ಬಹಳ ಚೆಂದ. ಬೆರಳು ಹತ್ತುತ್ತದೆ, ತೋಳಿನೊಳಗೆ ಮಲಗುತ್ತದೆ. ಎಲ್ಲರೂ ಅದನ್ನು ಎತ್ತಿ ಆಡಿಸುವುದು ಆಗಲೇ, ಬಿಡುವ ದಾರಿ ಮುಚ್ಚಿಹೋಗುವುದೂ ಆಗಲೇ. ಇಲಿಗೆ ಹಲ್ಲು ಬಿಟ್ಟರೆ ಇರುವ ಆಸ್ತಿ ಹೆದರಿಕೆ ಒಂದೇ, ಅದನ್ನು ನಾವು ಕಿತ್ತುಕೊಂಡು ಬಯಲಿಗೆ ಕಳಿಸಿದರೆ ಮೊದಲ ರಾತ್ರಿಯೇ ಅದು ಯಾರದೋ ಊಟ. ಬಿಡುವ ಆಸೆ ಇದ್ದರೆ ಹಾಲು ಬಿಡಿಸಿದ ದಿನದಿಂದ ಮುಟ್ಟಬೇಡಿ. ಮಾತಾಡಿಸಬೇಡಿ. ಊಟ ಕತ್ತಲಾದ ಮೇಲೆ ಇಡಿ, ಕೈ ಕಾಣದಂತೆ ಇಡಿ.

ಡಬ್ಬಿ ದೊಡ್ಡದಿರಲಿ. ಆರು ಮಿಲಿಮೀಟರ್ ಸಂದಿಯಲ್ಲಿ ಸಣ್ಣ ಇಲಿ ನುಸುಳಬಲ್ಲದು, ಆದ್ದರಿಂದ ಹಕ್ಕಿ ಪಂಜರ ಕೆಲಸಕ್ಕೆ ಬರುವುದಿಲ್ಲ. ಹಳೇ ಮೀನಿನ ತೊಟ್ಟಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಮುಚ್ಚಿ. ಪೆಟ್ ಅಂಗಡಿಯಲ್ಲಿ ಕೊಡುವ ಘಮಘಮ ಕಟ್ಟಿಗೆ ಹೊಟ್ಟು ಕೊಳ್ಳಬೇಡಿ, ಆ ವಾಸನೆ ಇಲಿಯ ಉಸಿರಿಗೆ ಒಳ್ಳೆಯದಲ್ಲ. ನನಗೆ ಹರಿದ ಪೇಪರು ಮತ್ತು ಒಣಗಿದ ಕಣಿಕೆ ರವದಿ ಇಷ್ಟ, ಬೇರೆ ಏನನ್ನೂ ಹಾಕುವುದಿಲ್ಲ. ಕೆಳಗೆ ನಾಲ್ಕು ಬೆರಳು ಎರೆ ಮಣ್ಣು ಹಾಕಿ, ಅಗೆಯಲು ಕಲಿಯಲಿ. ಜೋಳ, ಸಜ್ಜೆ, ನವಣೆ ತೆನೆ ಸಮೇತ ಇಡಿ. ಬೇಯಿಸಿದ ಮೊಟ್ಟೆ ಚೂರು ಆಗಾಗ.

ಐದಾರು ವಾರವಾದಾಗ ಪರೀಕ್ಷೆ ಮಾಡಿ. ಕುಸುಬೆ ಕಾಳಿನ ಗಟ್ಟಿ ಸಿಪ್ಪೆ ತಾನೇ ಬಿಡಿಸಿ ತಿನ್ನುತ್ತದಾ? ಪೇಪರು ಹರಿದು ಗೂಡು ಕಟ್ಟಿಕೊಂಡಿದೆಯಾ? ಹಗಲು ಅಡಗಿ ರಾತ್ರಿ ಓಡಾಡುತ್ತದಾ? ಕೊನೆಗೆ ಮುಚ್ಚಳ ತೆಗೆದು ಕೈ ಇಳಿಸಿ. ಕೈ ಕಂಡ ಕೂಡಲೇ ಮಿಂಚಿನಂತೆ ಮಾಯವಾದರೆ ಬಿಡಿ. ಕೈ ಹತ್ತಿರ ಬಂದು ಮೂಸಿದರೆ ಇನ್ನೊಂದು ವಾರ ದೂರವಿದ್ದು ಮತ್ತೆ ನೋಡಿ. ಆಗಲೂ ಬಂದರೆ ಅದು ಮನೆಯಲ್ಲೇ ಇರಬೇಕಾದ ಇಲಿ. ಒಂಟಿಯಾಗಿ ಬೆಳೆದ ಮರಿ ಹೀಗಾಗುವುದು ಜಾಸ್ತಿ, ಅಣ್ಣ ತಮ್ಮಂದಿರ ಜೊತೆ ಬೆಳೆದದ್ದು ಕಡಿಮೆ.

ಕುರುಡಾದದ್ದು, ಕಾಲು ಹೋದದ್ದು, ತಲೆ ಒಂದು ಕಡೆ ವಾಲಿ ಸುತ್ತು ಹೊಡೆಯುವುದು, ಇವನ್ನು ಬಿಡಬಾರದು.

ಬಿಡುವ ಜಾಗ

ಹೊಲದಲ್ಲಿ ಸಿಕ್ಕಿದ್ದು ಅದೇ ಹೊಲದ ಬದುವಿಗೆ. ಮನೆಯಲ್ಲಿ ಸಿಕ್ಕಿದ್ದು ಅದೇ ಕಂಪೌಂಡಿನ ಹೊರಗೆ, ಮನೆಯ ಸಂದಿಗಳನ್ನು ಮುಚ್ಚಿದ ಮೇಲೆ. "ಕಾಡಿಗೆ ಬಿಟ್ಟರೆ ಸುಖವಾಗಿರುತ್ತದೆ" ಅಂತ ಕಪ್ಪತಗುಡ್ಡಕ್ಕೆ ಒಯ್ಯುವವರಿದ್ದಾರೆ. ಮನುಷ್ಯರ ಕಾಳಿನ ಸುತ್ತ ಬದುಕಲು ಕಲಿತ ಪ್ರಾಣಿಗೆ ಅಲ್ಲಿ ಬಿಲವೂ ಗೊತ್ತಿಲ್ಲ, ದಾರಿಯೂ ಗೊತ್ತಿಲ್ಲ. ಇನ್ನೊಬ್ಬರ ಕಣದ ಹತ್ತಿರ, ಬಣವಿ ಹತ್ತಿರ ಬಿಡುವುದು ಅವರಿಗೆ ಮಾಡುವ ಅನ್ಯಾಯ.

ಮಳೆ ಹಿಡಿದ ದಿನ ಬೇಡ. ಮಳೆಗಾಲದಲ್ಲಿ ಎರೆ ಭೂಮಿಯ ಬಿರುಕು ಮುಚ್ಚಿ ಬಿಲಕ್ಕೆ ನೀರು ನುಗ್ಗುತ್ತದೆ, ಆಗ ಎತ್ತರದ ಬದುವೇ ಗತಿ. ಜೋಳ ಕೊಯ್ದು ಬೋಳಾದ ಹೊಲವೂ ಬೇಡ, ಮೇಲೆ ಹಕ್ಕಿಗಳಿಗೆ ಎಲ್ಲ ಕಾಣುತ್ತದೆ. ಮುಸ್ಸಂಜೆಗೆ ಹೋಗಿ. ಅದು ಮಲಗುತ್ತಿದ್ದ ಸಣ್ಣ ಡಬ್ಬಿಗೆ ತೂತು ಮಾಡಿ, ಹಳೇ ಗೂಡು, ಒಂದು ಹಿಡಿ ಕಾಳು ಒಳಗಿಟ್ಟು ಪೊದೆಯ ಬುಡದಲ್ಲಿ ಕಲ್ಲು ಒತ್ತಿ ಇಡಿ. ಅದು ತಾನಾಗಿ ಹೊರಗೆ ಹೋಗಲಿ, ಬೇಕಾದರೆ ತಿರುಗಿ ಬರಲಿ. ನಾಲ್ಕೈದು ದಿನ ಕಾಳು ಕಡಿಮೆ ಮಾಡುತ್ತಾ ಬನ್ನಿ.

ಇಟ್ಟುಕೊಳ್ಳುವುದೇ ಆದರೆ

ಮನೆಯೊಳಗೆ ಎರಡು ವರ್ಷದವರೆಗೆ ಬದುಕಬಹುದು, ಅಷ್ಟು ದಿನದ ಜವಾಬ್ದಾರಿ ಅದು. ಎರಡು ಗಂಡು ಕಾದಾಡುತ್ತವೆ. ಗಂಡು ಹೆಣ್ಣು ಒಟ್ಟಿಗೆ ಬಿಟ್ಟರೆ ಸುಮಾರು 20 ದಿನಕ್ಕೊಮ್ಮೆ ಮರಿ ಹಾಕುತ್ತವೆ. ಅಂಗಡಿಯ ಬಿಳಿ ಇಲಿ ಜೊತೆ ಸೇರಿಸಬೇಡಿ, ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಸಾಕಲು ಹೊರಟ ಇಲಿ ಜಾಲರಿಯನ್ನು ಬಿಡದೆ ಕಚ್ಚಿದರೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಪಲ್ಟಿ ಹೊಡೆದರೆ, ನಿಮ್ಮ ನಿರ್ಧಾರ ತಪ್ಪಾಗಿದೆ. ಐದನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿ.

ಬಿಟ್ಟು ಬಂದ ಮೇಲೆ ತೊಟ್ಟಿಯನ್ನು ಹಾಗೇ ಕಸಬರಿಗೆಯಿಂದ ಗುಡಿಸಬೇಡಿ, ಒಣಗಿದ ಹಿಕ್ಕೆಯ ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ ಹತ್ತು ನಿಮಿಷ ನೆನೆಸಿ, ಆಮೇಲೆ ಒರೆಸಿ, ಎರಡು ದಿನ ಬಿಸಿಲಿಗೆ ಇಡಿ. ಕುಂಚವನ್ನೂ ಎಸೆದು ಹೊಸದೊಂದು ತಂದಿಡಿ. ಮುಂದಿನ ಬಣವಿ ಬಿಚ್ಚುವ ಹೊತ್ತಿಗೆ ಬೇಕಾಗುತ್ತದೆ.