ಮುಚ್ಚಿಟ್ಟ ಲ್ಯಾಪ್‌ಟಾಪ್ ರಾತ್ರಿಯಿಡೀ ಏನು ಮಾಡುತ್ತದೆ?

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಉಡುಪಿಗೆ ಬಂದ ಅಕ್ಕನ ಮಗ, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ನನ್ನ ಕೈಗೆ ಕೊಟ್ಟ. ಆಗಷ್ಟೇ ಕಾವಲಿಯಿಂದ ಎತ್ತಿದ ನೀರುದೋಸೆಯ ಹಾಗೆ ಬಿಸಿ. ಹೊರಡುವಾಗ ಚಾರ್ಜ್ ಶೇ 90 ಇತ್ತಂತೆ. ಈಗ ಶೇ 30. "ಮಾವ, ಬ್ಯಾಟರಿ ಹೋಗಿದೆ. ಹೊಸತು ಹಾಕ್ಬೇಕಂತೆ, ಅಂಗಡಿಯವರು ಆರು ಸಾವಿರ ಹೇಳಿದ್ರು" ಎಂದ. ಅಂಗಡಿಯವರು ಅದನ್ನು ಆನ್ ಮಾಡಿ ಕೂಡ ನೋಡಿರಲಿಲ್ಲ.

ಬ್ಯಾಟರಿಗೆ ಏನೂ ಆಗಿರಲಿಲ್ಲ. ಶಿರಾಡಿ ಘಾಟಿಯ ತಿರುವುಗಳಲ್ಲಿ ಇವನು ಮಲಗಿದ್ದ, ಲ್ಯಾಪ್‌ಟಾಪ್ ಎದ್ದು ಕೂತಿತ್ತು. ಲೆಕ್ಕ ಹಾಕಿ ನೋಡಿ. ಅವನದು 50 ವಾಟ್ ಅವರ್ ಬ್ಯಾಟರಿ, ಅಂದರೆ ಗಂಟೆಗೆ ಒಂದು ವಾಟ್‌ನಂತೆ ಉರಿದರೆ 50 ಗಂಟೆ ಬರುವಷ್ಟು. ಅದರಲ್ಲಿ ಶೇ 60 ಅಂದರೆ 30 ವಾಟ್ ಅವರ್. ಹತ್ತು ಗಂಟೆಯಲ್ಲಿ ಅಷ್ಟು ಖಾಲಿಯಾಗಬೇಕಾದರೆ ರಾತ್ರಿಯಿಡೀ 3 ವಾಟ್ ಉರಿಯುತ್ತಲೇ ಇರಬೇಕು. ಅದು ನಿದ್ದೆಯ ಲೆಕ್ಕ ಅಲ್ಲ.

ಇಂಥ 'ಹೋದ ಬ್ಯಾಟರಿ'ಗಳು ವರ್ಷಕ್ಕೆ ನಾಲ್ಕೈದು ನನ್ನ ಮೇಜಿಗೆ ಬರುತ್ತವೆ. ನೆಂಟರದ್ದು, ಪಕ್ಕದ ಮನೆಯವರದ್ದು, ಮಣಿಪಾಲದಲ್ಲಿ ಓದುವ ಮಕ್ಕಳದ್ದು. ಯಾರೂ ಅಳತೆ ಮಾಡಿ ನೋಡಿರುವುದಿಲ್ಲ. ನೇರ ಮದ್ದಿಗೇ ಕೈ ಹಾಕಿರುತ್ತಾರೆ.

ಮೊದಲು ಉಬ್ಬಿದೆಯಾ ನೋಡಿ

ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಡಿ. ಅಲ್ಲಾಡುತ್ತದೆಯೇ? ಟಚ್‌ಪ್ಯಾಡ್ ಮೇಲೆದ್ದಿದೆಯೇ? ಮುಚ್ಚಳ ಸರಿಯಾಗಿ ಕೂರುವುದಿಲ್ಲವೇ? ಹಾಗಿದ್ದರೆ ಬ್ಯಾಟರಿ ಉಬ್ಬಿದೆ. ಮುಂದೆ ಓದುವುದು ಬೇಡ. ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಬದಲಾಯಿಸಲು ಕೊಡಿ.

ಮೂರು ರಾತ್ರಿಯ ಪರೀಕ್ಷೆ

ಹೆಚ್ಚಿನವರು ಹಾಳು ಮಾಡುವುದು ಇದನ್ನೇ. ಸಂಜೆ ಶೇ 80ರ ಆಸುಪಾಸಿಗೆ ಚಾರ್ಜ್ ಮಾಡಿ, ಚಾರ್ಜರ್ ತೆಗೆಯಿರಿ. ಮೌಸ್‌ನ ಪುಟ್ಟ ಡಾಂಗಲ್, ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡ್ ಎಲ್ಲ ಕೀಳಿರಿ. ಚಾರ್ಜ್ ಎಷ್ಟಿದೆ, ಗಂಟೆ ಎಷ್ಟು, ಒಂದು ಚೀಟಿಯಲ್ಲಿ ಬರೆಯಿರಿ. ಬರೆಯದೆ 'ಸುಮಾರು ಎಂಬತ್ತಿತ್ತು' ಅನ್ನುವವರ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ನಡುರಾತ್ರಿ ಎದ್ದು 'ಎಷ್ಟು ಇಳಿಯಿತು' ಎಂದು ತೆರೆದು ನೋಡಿದರೂ ಲೆಕ್ಕ ಕೆಟ್ಟಿತು.

ಸಿಡಿಲಿನ ಕಾಲದಲ್ಲಿ ನಮ್ಮಲ್ಲಿ ಹೇಗೂ ರಾತ್ರಿ ಪ್ಲಗ್ ಕಿತ್ತಿಡುವ ಅಭ್ಯಾಸ ಇದೆಯಲ್ವಾ? ಏಪ್ರಿಲ್–ಮೇ ಈ ಪರೀಕ್ಷೆಗೆ ಹೇಳಿ ಮಾಡಿಸಿದ ಸಮಯ.

ಮೊದಲ ರಾತ್ರಿ ಸ್ಲೀಪ್‌ಗೆ ಹಾಕಿ ಮಲಗಿ. ಎರಡನೇ ರಾತ್ರಿ ಎಂದಿನಂತೆ ಶಟ್‌ಡೌನ್ ಮಾಡಿ. ಮೂರನೇ ರಾತ್ರಿ ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಮೇಲೆ ಕ್ಲಿಕ್ ಮಾಡಿ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ಅಂಕಿ ಬರೆದುಕೊಳ್ಳಿ. ಕಾಫಿ ಕುಡಿದು ಬಂದು ಅಲ್ಲ. ಆನ್ ಆಗುವುದಕ್ಕೇ ಶೇ 1–2 ಹೋಗುತ್ತದೆ, ಅದನ್ನು ಬಿಟ್ಟುಬಿಡಿ.

ಎರಡು ಬಗೆಯ ಶಟ್‌ಡೌನ್ ಯಾಕೆ ಅಂದರೆ, ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು, ಬೇಗ ತೆರೆದುಕೊಳ್ಳಲಿ ಎಂದು ವಿಂಡೋಸ್‌ನ ತಿರುಳನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆಗ ನೆಟ್‌ವರ್ಕ್ ಕಾರ್ಡಿಗೋ ಯುಎಸ್‌ಬಿಗೋ ಕರೆಂಟ್ ಹೋಗುತ್ತಲೇ ಇರುತ್ತದೆ. "ನಾನು ದಿನಾ ಶಟ್‌ಡೌನ್ ಮಾಡ್ತೇನೆ" ಎಂದು ಆಣೆ ಹಾಕುವವರಿಗೆ ನಾನು ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸುತ್ತೇನೆ. ಪರ್ಫಾರ್ಮೆನ್ಸ್, ಅದರೊಳಗೆ ಸಿಪಿಯು, ಕೆಳಗೆ ಅಪ್ ಟೈಮ್. ಅಲ್ಲಿ ಹನ್ನೊಂದು ದಿನ, ಹದಿನೈದು ದಿನ ಎಂದಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಅದು ಸೊನ್ನೆಗೆ ಬರುತ್ತದೆ, ಇಲ್ಲವೇ ಶಿಫ್ಟ್ ಹಿಡಿದ ಶಟ್‌ಡೌನ್‌ಗೆ.

ಚೀಟಿ ಏನು ಹೇಳುತ್ತದೆ?

ಎರಡನೇ ರಾತ್ರಿ ಇಳಿದು ಮೂರನೇ ರಾತ್ರಿ ಇಳಿಯದಿದ್ದರೆ ಕಳ್ಳ ಫಾಸ್ಟ್ ಸ್ಟಾರ್ಟಪ್. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ಒತ್ತಿ. ಟಿಕ್ ಚೌಕಗಳು ಮಂಕಾಗಿ ಕಾಣುತ್ತವೆ. ಇಲ್ಲಿಗೇ ವಾಪಸ್ ಬರುವವರು ತುಂಬಾ ಜನ. ಮೇಲ್ಗಡೆ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಎಂಬ ನೀಲಿ ಸಾಲಿದೆ, ಅದನ್ನು ಒತ್ತಿದರೆ ಚೌಕಗಳಿಗೆ ಜೀವ ಬರುತ್ತದೆ. ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದು ಸೇವ್ ಮಾಡಿ. ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಇರುವ ಲ್ಯಾಪ್‌ಟಾಪಿಗೆ ಅದು ಉಳಿಸಿಕೊಡುವುದು ಕೆಲವೇ ಸೆಕೆಂಡು. ನಾನಂತೂ ಯಾರ ಲ್ಯಾಪ್‌ಟಾಪ್ ಕೈಗೆ ಬಂದರೂ ಕೇಳದೆಯೇ ಅದನ್ನು ಆಫ್ ಮಾಡುತ್ತೇನೆ.

ಮೂರೂ ರಾತ್ರಿ ಇಳಿದರೆ ಬಯಾಸ್‌ಗೆ, ಅಂದರೆ ವಿಂಡೋಸ್ ತೆರೆಯುವ ಮೊದಲೇ ಸಿಗುವ ಮೂಲ ಸೆಟ್ಟಿಂಗ್ಸ್‌ಗೆ ಹೋಗಬೇಕು. ಆನ್ ಮಾಡುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀ, ಕಂಪನಿಗೊಂದು. ಆಫ್ ಇದ್ದಾಗಲೂ ಫೋನ್ ಚಾರ್ಜ್ ಮಾಡುವ ಸೌಲಭ್ಯವನ್ನು ಅಲ್ಲಿ ಆಫ್ ಮಾಡಿ. ಲೆನೊವೊದಲ್ಲಿ ಅದರ ಹೆಸರು ಆಲ್ವೇಸ್ ಆನ್ ಯುಎಸ್‌ಬಿ, ಡೆಲ್‌ನಲ್ಲಿ ಪವರ್‌ಶೇರ್. ನೆಟ್‌ವರ್ಕ್ ಮೂಲಕ ಲ್ಯಾಪ್‌ಟಾಪ್ ಎಬ್ಬಿಸುವ ವೇಕ್ ಆನ್ ಲ್ಯಾನ್ ಇದ್ದರೆ ಅದನ್ನೂ ಆಫ್ ಮಾಡಿ. ಬೇರೆ ಏನನ್ನೂ ಮುಟ್ಟಬೇಡಿ.

ಮೊದಲ ರಾತ್ರಿ ಮಾತ್ರ ಇಳಿದಿದೆಯೇ? ಅಕ್ಕನ ಮಗನ ಕಾಯಿಲೆ ಇದೇ. ಹಳೆಯ ಎಸ್3 ಎಂಬ ಸ್ಲೀಪ್‌ನಲ್ಲಿ ರ್‍ಯಾಮ್ ಎಂಬ ತಾತ್ಕಾಲಿಕ ನೆನಪಿನ ಭಾಗವೊಂದಕ್ಕೆ ಕರೆಂಟ್ ಕೊಟ್ಟು ಉಳಿದದ್ದೆಲ್ಲ ಹೆಚ್ಚುಕಡಿಮೆ ಆಫ್. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲ. ಅದರ ಜಾಗದಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಬಂದಿದೆ. ಸ್ಕ್ರೀನ್ ಆಫ್ ಆದರೂ ಫೋನಿನ ಹಾಗೆ ಒಳಗೆ ಮಿಸುಕಾಡುತ್ತಿರುತ್ತದೆ. ಮೇಲ್ ನೋಡುತ್ತದೆ, ಅಪ್‌ಡೇಟ್ ಹುಡುಕುತ್ತದೆ. ಒಂದು ಕೆಟ್ಟ ಡ್ರೈವರ್ (ವೈಫೈಯಂಥ ಬಿಡಿಭಾಗ ನಡೆಸುವ ಸಾಫ್ಟ್‌ವೇರ್) ಸಾಕು, ರಾತ್ರಿಯಿಡೀ ಎಚ್ಚರ. ಬ್ಯಾಗಿನೊಳಗೆ ಗಾಳಿ ಆಡದೆ ಬಿಸಿಯಾಗುವುದು ಹೀಗೆಯೇ.

ಯಾರು ಎಬ್ಬಿಸಿದ್ದು ಎಂದು ನೋಡಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ಅಡ್ಮಿನ್ ಎಂಬ, ಆಜ್ಞೆ ಟೈಪ್ ಮಾಡುವ ಕಿಟಕಿ ತೆರೆಯಿರಿ. ಇಂಗ್ಲಿಷ್‌ನಲ್ಲಿ 'ಪವರ್' ಎಂದು ಬರೆದು, ಜಾಗ ಬಿಡದೆ ಸಿ ಎಫ್ ಜಿ ಅಕ್ಷರ ಸೇರಿಸಿ. ಆಮೇಲೆ ಒಂದು ಜಾಗ ಬಿಟ್ಟು, ಬಲಕ್ಕೆ ವಾಲಿದ ಸ್ಲ್ಯಾಶ್ ಹಾಕಿ, 'ಸ್ಲೀಪ್‌ಸ್ಟಡಿ' ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಕಳೆದ ಮೂರು ದಿನದ ವರದಿಯನ್ನು ಎಲ್ಲಿ ಉಳಿಸಿದೆ ಎಂದು ಅಲ್ಲೇ ಹೇಳುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಕೆಂಪು ಬಣ್ಣದ ನಿದ್ದೆಯ ಮೇಲೆ ಕ್ಲಿಕ್ ಮಾಡಿದರೆ 'ಟಾಪ್ ಅಫೆಂಡರ್ಸ್' ಪಟ್ಟಿ ಸಿಗುತ್ತದೆ. ವೈಫೈ ಹೆಸರು ಮೇಲಿದ್ದರೆ ಅದರ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದಲೇ ಹೊಸತು ಮಾಡಿ. 'ಡ್ರೈವರ್ ಅಪ್‌ಡೇಟರ್', 'ಬ್ಯಾಟರಿ ಡಾಕ್ಟರ್' ಎಂಬ ಪುಕ್ಕಟೆ ಸಾಫ್ಟ್‌ವೇರ್‌ಗಳನ್ನು ಹತ್ತಿರವೂ ಸೇರಿಸಬೇಡಿ. ಅವೇ ಇನ್ನೊಂದು ಕಾಯಿಲೆ. ರಿಜಿಸ್ಟ್ರಿ, ಅಂದರೆ ವಿಂಡೋಸ್‌ನ ಒಳಗಿನ ಸೆಟ್ಟಿಂಗ್ಸ್ ಕಡತ ತಿದ್ದಿ ಹಳೆಯ ಸ್ಲೀಪ್ ವಾಪಸ್ ತರಿಸುವ ವಿಡಿಯೊಗಳೂ ಇವೆ. ನಂಬಿ ಮಾಡಿದವರ ಒಂದು ಲ್ಯಾಪ್‌ಟಾಪ್ ಮಲಗಿದ್ದು ಏಳಲೇ ಇಲ್ಲ, ಬಲವಂತವಾಗಿ ಆಫ್ ಮಾಡಬೇಕಾಯಿತು.

ಹೈಬರ್ನೇಟ್ ಮಾಡಿ, ಮರೆತುಬಿಡಿ

ವರದಿ ಓದುವ ತಾಳ್ಮೆ ಇಲ್ಲದವರು ನೇರ ಇಲ್ಲಿಗೆ ಬನ್ನಿ. ಹೈಬರ್ನೇಟ್ ಅಂದರೆ ರ್‍ಯಾಮ್‌ನಲ್ಲಿ ಇರುವುದನ್ನೆಲ್ಲ ಡಿಸ್ಕ್‌ಗೆ ಬರೆದು ನಿಜವಾಗಿ ಆಫ್ ಆಗುವುದು. ತೆರೆದ ಫೈಲುಗಳು ಹಾಗೆಯೇ ಸಿಗುತ್ತವೆ. ಪವರ್ ಆಪ್ಷನ್ಸ್‌ನಲ್ಲಿ 'ಚೂಸ್ ವಾಟ್ ಕ್ಲೋಸಿಂಗ್ ದ ಲಿಡ್ ಡಸ್' ತೆರೆದು, ಆನ್ ಬ್ಯಾಟರಿ ಎಂಬಲ್ಲಿ ಹೈಬರ್ನೇಟ್ ಇಡಿ. ಚಾರ್ಜರ್ ಇದ್ದಾಗ ಸ್ಲೀಪ್ ಸಾಕು. ಪಟ್ಟಿಯಲ್ಲಿ ಹೈಬರ್ನೇಟ್ ಕಾಣದಿದ್ದರೆ ಮತ್ತೆ ಟರ್ಮಿನಲ್ ತೆರೆದು, ಮೇಲಿನ ಆಜ್ಞೆಯಲ್ಲಿ 'ಸ್ಲೀಪ್‌ಸ್ಟಡಿ' ಬದಲು 'ಹೈಬರ್ನೇಟ್ ಆನ್' ಎಂದು ಎರಡು ಪದ ಹಾಕಿ.

ಮುಚ್ಚಳ ಮುಚ್ಚಿದ ತಕ್ಷಣ ಬ್ಯಾಗಿಗೆ ತುರುಕಬೇಡಿ. ಡಿಸ್ಕ್‌ಗೆ ಬರೆದು ಮುಗಿಸಲು ಸ್ವಲ್ಪ ಹೊತ್ತು ಬೇಕು. ಲೈಟ್ ಪೂರ್ತಿ ಆರಲಿ. ಮಲಗಿರುವಾಗ ಪೆನ್‌ಡ್ರೈವ್ ಕೀಳಬೇಡಿ. ಎಬ್ಬಿಸಲು ಮೌಸ್ ಅಲ್ಲಾಡಿಸಿದರೆ ಆಗುವುದಿಲ್ಲ, ಪವರ್ ಬಟನ್ ಒಮ್ಮೆ ಒತ್ತಿ ಬಿಡಬೇಕು. ಒಂದೇ ಸಲ, ಮೆಲ್ಲಗೆ! ಸ್ಕ್ರೀನ್ ಬರಲಿಲ್ಲ ಎಂದು ಗಾಬರಿಯಾಗಿ ಬಟನ್ ಒತ್ತಿ ಹಿಡಿಯುತ್ತಾರೆ. ಆಗ ಎದ್ದೇಳುತ್ತಿದ್ದ ಲ್ಯಾಪ್‌ಟಾಪ್ ಸತ್ತು ಸೇವ್ ಮಾಡದ ಕೆಲಸವೆಲ್ಲ ಹೋಗುತ್ತದೆ. ನಮ್ಮ ಪಕ್ಕದ ಮನೆಯ ಮೇಷ್ಟ್ರ ಪ್ರಶ್ನೆಪತ್ರಿಕೆ ಹೋದದ್ದು ಹೀಗೆ.

ಮುಂದಿನ ಸಲ ಅಕ್ಕನ ಮಗ ಬಂದಾಗ ಶೇ 90 ಇದ್ದದ್ದು ಶೇ 88 ಆಗಿತ್ತು. ಲ್ಯಾಪ್‌ಟಾಪ್ ತಣ್ಣಗಿತ್ತು.

ನಿಜವಾಗಿಯೂ ಬ್ಯಾಟರಿಯದೇ ತಪ್ಪಾದರೆ

ಇಷ್ಟೆಲ್ಲ ಮಾಡಿದರೂ ಇಳಿಯುತ್ತಿದ್ದರೆ ಅದೇ ಆಜ್ಞೆಗೆ 'ಬ್ಯಾಟರಿರಿಪೋರ್ಟ್' ಸೇರಿಸಿ. ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಅಂಕಿ ಹೋಲಿಸಿ. ಎರಡನೆಯದು ಮೊದಲಿನದರ ಶೇ 60ಕ್ಕಿಂತ ಕೆಳಗಿದ್ದರೆ ನಾನು ಬದಲಾಯಿಸಿ ಎನ್ನುತ್ತೇನೆ. ಕಂಪನಿಯದನ್ನೇ ಹಾಕಿಸಿ. ಅರ್ಧ ಬೆಲೆಗೆ ಸಿಗುವ 'ಕಂಪ್ಯಾಟಿಬಲ್' ಬ್ಯಾಟರಿ ಹಾಕಿದ ಎರಡು ಲ್ಯಾಪ್‌ಟಾಪ್ ನೋಡಿದ್ದೇನೆ, ಎರಡೂ ವರ್ಷದೊಳಗೆ ಉಬ್ಬಿದವು.

ಲ್ಯಾಪ್‌ಟಾಪ್ ಮನೆಯಲ್ಲಿ ಬಿಟ್ಟು ದುಬೈಗೋ ಮಸ್ಕತ್‌ಗೋ ಹೋಗುವವರು ಶೇ 50ರ ಹತ್ತಿರ ಚಾರ್ಜ್ ಇಟ್ಟು, ಶಿಫ್ಟ್ ಹಿಡಿದು ಶಟ್‌ಡೌನ್ ಮಾಡಿ ಹೋಗಿ. ಪೂರ್ತಿ ತುಂಬಿಸಿಯೂ ಬೇಡ, ಪೂರ್ತಿ ಖಾಲಿಯೂ ಬೇಡ. ಬೇಸಗೆಯಲ್ಲಿ ಹಂಚಿನ ಕೆಳಗಿನ ಅಟ್ಟ ಕಾಯುತ್ತದೆ, ಮಳೆಗಾಲದಲ್ಲಿ ಮರದ ಕಪಾಟು ಬೂಸ್ಟು ಹಿಡಿಯುತ್ತದೆ. ಎರಡೂ ಕಡೆ ಇಡಬೇಡಿ. ಎರಡು ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಚಾರ್ಜ್ ಹಾಕಲು ಮನೆಯವರಿಗೆ ಹೇಳಿ ಹೋಗಿ.