ಯಶಸ್ವಿನಿ ನಿಂತಿದ್ದ ನಾಲ್ಕೂವರೆ ವರ್ಷ ನಾನು ಬರೆದಿಟ್ಟ ಲೆಕ್ಕ

ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯರು ಎಂಟುನೂರ ಚಿಲ್ಲರೆ. ಅವರಲ್ಲಿ ಸುಮಾರು 640 ಕುಟುಂಬಗಳು ಈ ಸಲ ಸಹಕಾರ ಸಂಘದ ಸದಸ್ಯರಿಗಿರುವ ಆರೋಗ್ಯ ಯೋಜನೆ ಯಶಸ್ವಿನಿಗೆ ನೋಂದಾಯಿಸಿವೆ. "ಒಮ್ಮೆ ನಿಂತುಹೋದ ಯೋಜನೆಗೆ ಜನ ಮತ್ತೆ ದುಡ್ಡು ಕಟ್ಟುವುದಿಲ್ಲ ಕಾರ್ಯದರ್ಶಿಗಳೇ, ಸುಮ್ಮನೆ ಓಡಾಡಬೇಡಿ" ಎಂದಿದ್ದ ನಿರ್ದೇಶಕರೇ ಈಗ ಅಕ್ಕಪಕ್ಕದ ಸಂಘದವರನ್ನು ನನ್ನ ಬಳಿಗೆ ಕಳಿಸುತ್ತಿದ್ದಾರೆ. ಬಂದವರಿಗೆಲ್ಲ ಬಾಯಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

2003ರ ಜೂನ್‌ನಲ್ಲಿ ಯೋಜನೆ ಜಾರಿಗೆ ಬಂದಾಗ ನಾನು ಸಂಘದಲ್ಲಿ ಗುಮಾಸ್ತ. ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿಸಿಕೊಂಡು ರಸೀದಿ ಹರಿದುಕೊಟ್ಟವನೇ ನಾನು. 2018ರ ಮೇ ಕೊನೆಗೆ ಅದನ್ನು ನಿಲ್ಲಿಸಿ, ರಾಜ್ಯದ ಎಲ್ಲರಿಗೂ ಇರುವ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ಅದರಲ್ಲಿ ಐದು ಲಕ್ಷದವರೆಗೆ ಉಚಿತ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಜನ ಎಪಿಎಲ್. ಎರಡು ಎಕರೆ ಅಡಿಕೆ ಇದ್ದವನು ಸಿರಿವಂತನಲ್ಲ. ಕೊಳೆರೋಗ ಬಂದ ವರ್ಷ ಅವನೂ ಕೈಯಲ್ಲಿ ಕಾಸಿಲ್ಲದವನೇ. ಅಂಥವನಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಅದೇ ಗೊತ್ತುಮಾಡಿದ ದರದ ಶೇ 30, ಉಳಿದ 70 ಅವನ ಕೈಯಿಂದ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿಯನ್ನೂ ತರಬೇಕು.

ಮೊದಲು ನಾವು ಮಾಡಿದ್ದೆಲ್ಲ ದಂಡ. ಯಶಸ್ವಿನಿ ಮತ್ತೆ ತನ್ನಿ ಎಂದು ಸಾವಿರದ ಇನ್ನೂರು ಸಹಿ ಹಾಕಿಸಿ ಮನವಿ ಕೊಟ್ಟೆವು, ಹಿಂಬರಹ ಕೂಡ ಬರಲಿಲ್ಲ. ಏಳು ಜನ ಬೆಂಗಳೂರಿಗೆ ಹೋದೆವು. ಬಸ್ಸು, ವಸತಿ, ಊಟ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಕಾಣಬೇಕಾದವರು ಪ್ರವಾಸದಲ್ಲಿದ್ದರು. ಆ ಖರ್ಚಿಗೆ ಲೆಕ್ಕ ಪರಿಶೋಧಕರು ಆಕ್ಷೇಪಣೆ ಬರೆದು, ಕೊನೆಗೆ ನಾವು ಏಳು ಜನರೇ ಹಂಚಿಕೊಂಡು ಕಟ್ಟಿದೆವು.

2019ರಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಸರ್ಕಾರ ಬೇಡ, ನಾವೇ ನಿಧಿ ಮಾಡೋಣ ಎಂದು ಮನೆಗೆ 300 ರೂಪಾಯಿಯಂತೆ ಎತ್ತಿದೆ. ಸೇರಿದವರು ತೊಂಬತ್ತು ಮನೆ, ಅದರಲ್ಲೂ ಹೆಚ್ಚಿನವರು ಆಗಲೇ ಡಾಕ್ಟರ ಚೀಟಿ ಜೇಬಿನಲ್ಲಿಟ್ಟುಕೊಂಡವರು. ಗಟ್ಟಿಮುಟ್ಟಾದವರು ಹತ್ತಿರ ಸುಳಿಯಲಿಲ್ಲ. ಒಂದು ಸ್ಟೆಂಟ್, ಒಂದು ಗರ್ಭಕೋಶದ ಶಸ್ತ್ರಚಿಕಿತ್ಸೆ, ಇಷ್ಟಕ್ಕೆ ನಿಧಿ ಬರಿದಾಯಿತು. ಮೂರನೆಯವರು ಬಂದಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಇದನ್ನು ಯಾರೂ ಮಾಡಬೇಡಿ. ಇಡೀ ರಾಜ್ಯದ ರೈತರು ಒಟ್ಟಿಗಿದ್ದರೆ ಮಾತ್ರ ಆ ಲೆಕ್ಕ ಕೂಡುತ್ತದೆ.

ದಾರಿ ಸಿಕ್ಕಿದ್ದು ಆಭರಣ ಸಾಲದ ಕೌಂಟರಿನಲ್ಲಿ. ಒಬ್ಬ ಹೆಣ್ಣುಮಗಳು ಮಾಂಗಲ್ಯದ ಸರ ಬಿಚ್ಚಿ ತಕ್ಕಡಿಗೆ ಇಟ್ಟಳು. "ಏನಕ್ಕಮ್ಮಾ?" ಎಂದೆ. "ಯಜಮಾನರ ಹರ್ನಿಯಾ ಆಪರೇಷನ್ನಿಗೆ ಅಣ್ಣಾ" ಎಂದಳು. ಅದೇ ಮನೆಯ ಹಿರಿಯರಿಗೆ ಯಶಸ್ವಿನಿಯಲ್ಲಿ ಅದೇ ಶಸ್ತ್ರಚಿಕಿತ್ಸೆ ಆಗಿದ್ದು ನನಗೆ ನೆನಪಿತ್ತು. ಅಂದೇ ಒಂದು ಉದ್ದ ಪುಸ್ತಕ ತೆಗೆದೆ. ಆಸ್ಪತ್ರೆಗೆಂದು ಸಾಲ ಕೇಳಿದವರದೆಲ್ಲ ಬರೆದೆ: ಯಾವ ಶಸ್ತ್ರಚಿಕಿತ್ಸೆ, ಬಿಲ್ ಎಷ್ಟು, ಅಡವಿಟ್ಟದ್ದು ಏನು, ಬಿಡಿಸಿಕೊಂಡರೋ ಹರಾಜಾಯಿತೋ. ಬಿಲ್ಲಿನ ನಕಲಿಲ್ಲದಿದ್ದರೆ ಬರೆಯುತ್ತಿರಲಿಲ್ಲ. ಮೂರು ವರ್ಷದಲ್ಲಿ 118 ಹೆಸರು, ಒಟ್ಟು ಎಪ್ಪತ್ತು ಲಕ್ಷದ ಆಸುಪಾಸು.

ಅದನ್ನು ಹೆಸರು ಬಿಟ್ಟು ವಾರ್ಷಿಕ ಮಹಾಸಭೆಯಲ್ಲಿ ಓದಿದೆ. ಡಿವಿಡೆಂಡ್ ವಿಷಯಕ್ಕೆ ಜಗಳವಾಗಬೇಕಿದ್ದ ಸಭೆ ಮೌನವಾಯಿತು. ಠರಾವು ಸರ್ವಾನುಮತದಿಂದ ಪಾಸಾಯಿತು. ಈ ಸಲ ಮನವಿ ಒಂದೇ ಹಾಳೆ. ಬೇಡಿಕೆ ಎರಡು ಸಾಲು, ಉಳಿದದ್ದೆಲ್ಲ ಅಂಕಿ. ಅದನ್ನೇ ತಾಲ್ಲೂಕಿನ ಹನ್ನೊಂದು ಸಂಘಗಳು ತಮ್ಮ ಅಂಕಿ ಹಾಕಿ ಕಳಿಸಿದವು. ಯಾರ ಕೈಗೆ, ಯಾವ ಹೊತ್ತಿನಲ್ಲಿ ಕೊಟ್ಟೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಮತ್ತೆ ಬೇಕಾಗಬಹುದು. 2022ರ ಮಾರ್ಚ್ ಬಜೆಟ್‌ನಲ್ಲಿ ಯಶಸ್ವಿನಿ ಮತ್ತೆ ಬಂತು, 300 ಕೋಟಿ ಇಟ್ಟರು. ನಮ್ಮಿಂದಲೇ ಬಂತು ಎನ್ನುವುದಿಲ್ಲ, ರಾಜ್ಯದ ಎಷ್ಟೋ ಸಂಘಗಳು ಕೇಳಿದ್ದವು. ಆದರೆ ನಮ್ಮ ಹಾಳೆ ವ್ಯರ್ಥವಾಗಲಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ.

ನವೆಂಬರ್‌ನಲ್ಲಿ ನೋಂದಣಿ ಶುರುವಾಯಿತು. ಗ್ರಾಮೀಣ ಕುಟುಂಬದ ನಾಲ್ವರಿಗೆ 500 ರೂಪಾಯಿ, ಐದು ಲಕ್ಷದವರೆಗೆ ಚಿಕಿತ್ಸೆ. ಆಗ ಬೇರೆ ತಲೆನೋವು: ಜನರಿಗೆ ನಂಬಿಕೆಯಿಲ್ಲ. ಆಟೊದಲ್ಲಿ ಮೈಕ್ ಕಟ್ಟಿಸಿ ಎರಡು ದಿನ ಕೂಗಿಸಿದೆ. ಮೂರು ಸಾವಿರ ಹೋಯಿತು, ಬಂದವರು ಇಪ್ಪತ್ತು ಜನ. ಸಂಖ್ಯೆ ಇಳಿದರೆ ಯೋಜನೆ ನಿಲ್ಲಿಸುವವರಿಗೆ ನಾವೇ ನೆಪ ಕೊಟ್ಟಂತೆ ಎಂಬ ಭಯ ನನಗೆ. ಹಾಲಿನ ಸಂಘದ ಕಾರ್ಯದರ್ಶಿಯನ್ನು ಹಿಡಿದು, ಒಪ್ಪಿಗೆ ಪತ್ರ ಬರೆಸಿಕೊಂಡು, ಹಾಲಿನ ಹಣದ ಬಟವಾಡೆಯಲ್ಲಿ ಪ್ರತಿ ಸಲ 50 ರೂಪಾಯಿ ಹಿಡಿಸಿದೆ. 500 ಒಮ್ಮೆಲೇ ಕೊಡಲು ಮೀನಮೇಷ ಎಣಿಸುವ ಮನೆ, 50 ಹೋದದ್ದಕ್ಕೆ ಬೇಸರಪಡಲಿಲ್ಲ. ಮೊದಲ ವರ್ಷ 410 ಕುಟುಂಬ ಬಂದವು. ಕಂತು ಮುಗಿಯುವ ಮೊದಲೇ ಅವರ ಪರವಾಗಿ ಕಟ್ಟಿದ ಮುಂಗಡ ಹಣ ಎಲ್ಲಿಂದ ಹೊಂದಿಸಿದೆ ಎಂಬುದನ್ನು ಕೇಳಬೇಡಿ. ಲೆಕ್ಕ ಪರಿಶೋಧನೆಯಲ್ಲಿ ಒಂದು ಪೈಸೆಯ ತಕರಾರೂ ಬಂದಿಲ್ಲ.

ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ, ಆದರೆ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಅದನ್ನು ಕೊನೆಯ ವಾರಕ್ಕೆ ಬಿಟ್ಟು ಮೊದಲ ವರ್ಷ ಇಪ್ಪತ್ತಾರು ಮನೆಗಳನ್ನು ಕಳೆದುಕೊಂಡೆ. ಅದರಲ್ಲೊಂದು ಮನೆಯ ಹುಡುಗನಿಗೆ ಅದೇ ವರ್ಷ ಮೂಳೆ ಮುರಿಯಿತು. ಈಗ ಆಗಸ್ಟ್‌ನಲ್ಲೇ ನಾನೇ ನಾಡಕಚೇರಿಗೆ ಹೋಗುತ್ತೇನೆ.

ಪುಸ್ತಕ ಇನ್ನೂ ಮೇಜಿನ ಮೇಲಿದೆ. ಕಾರ್ಡು ತೋರಿಸಿದ ಮೇಲೂ ಮುಂಗಡ ಕೇಳಿದ ಆಸ್ಪತ್ರೆಗಳು, ಪೂರ್ವಾನುಮತಿ ತಡವಾದ ಪ್ರಕರಣಗಳು ಈಗ ಅದರಲ್ಲಿ ಏರುತ್ತಿವೆ. ಕಳೆದ ವರ್ಷ ಹದಿಮೂರು ಸಾಲು. ನಾಲ್ಕರ ಹಣ ವಾಪಸ್ ಕೊಡಿಸಿದ್ದೇನೆ. ಐದನೆಯದಕ್ಕೆ ಸೋಮವಾರ ಹೋಗುತ್ತಿದ್ದೇನೆ.